ತಿಂಗಳ ಕೊನೆಗೆ ಒಂದೂವರೆ ಗಂಟೆ: ಮೊದಲು ಕುರುಹು, ಆಮೇಲೆ ಬರವಣಿಗೆ

ತಿಂಗಳ ಕೊನೆಯಲ್ಲಿ ಡೈರಿ ಬಿಚ್ಚಿ ಕೂತವರು ಬರೆಯುವ ಮೊದಲ ಸಾಲು ಹೆಚ್ಚಾಗಿ ಒಂದೇ: ‘ಈ ತಿಂಗಳು ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ.’ ಆಮೇಲೆ ಬರುವುದು ಕಳೆದ ನಾಲ್ಕೈದು ದಿನಗಳ ವಿಷಯ, ಜೊತೆಗೆ ಯಾವುದೋ ಒಂದು ಜಗಳ ಅಥವಾ ಒಂದು ಹಬ್ಬ. ಎರಡು ಪುಟ ತುಂಬುತ್ತದೆ, ಆದರೆ ಮನಸ್ಸು ಮೊದಲಿದ್ದಲ್ಲೇ ಇರುತ್ತದೆ. ಬರೆಯುವವರ ಶ್ರದ್ಧೆಗೆ ಇಲ್ಲಿ ಕೊರತೆಯಿಲ್ಲ. ಇಡೀ ತಿಂಗಳನ್ನು ಬರೀ ನೆನಪಿನಿಂದ ಎತ್ತಿ ಬರೆಯಲು ಹೊರಟಿದ್ದೇ ತೊಂದರೆ.

ನೆನಪು ಎಲ್ಲ ದಿನಗಳನ್ನೂ ಒಂದೇ ತೂಕದಲ್ಲಿ ಇಟ್ಟುಕೊಳ್ಳುವುದಿಲ್ಲ. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಮಾಡಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಜನರು ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿದರು. ಇನ್ನೊಂದು ಸಲ ಅದೇ 60 ಸೆಕೆಂಡ್ ಆದಮೇಲೆ ಇನ್ನೂ 30 ಸೆಕೆಂಡ್ ಅದ್ದಿಯೇ ಇರಬೇಕಿತ್ತು, ಆ ಹೊತ್ತಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಅದರಲ್ಲಿ ನೋವು ಹೆಚ್ಚು ಹೊತ್ತು ಇದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು. ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ಮನಸ್ಸಿನಲ್ಲಿ ನಿಲ್ಲುತ್ತವೆ. ತಿಂಗಳ ವಿಷಯದಲ್ಲೂ ಹಾಗೆಯೇ: 28ನೇ ತಾರೀಕು ಮೇಲಧಿಕಾರಿ ಒಂದು ಮಾತು ಅಂದರೆ 4ರಿಂದ 20ರವರೆಗೆ ಚೆನ್ನಾಗಿಯೇ ನಡೆದ ದಿನಗಳು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಈ ಕ್ರಮದಲ್ಲಿ ಭಾವನೆಯಿಂದ ಶುರುಮಾಡುವುದಿಲ್ಲ. ತಿಂಗಳು ಬಿಟ್ಟುಹೋದ ಕುರುಹುಗಳನ್ನು ಮೊದಲು ಕೂಡಿಸಿ, ಅವುಗಳಲ್ಲಿ ಮೂರೇ ಮೂರು ದಿನ ಆರಿಸಿ ಬರೆಯುತ್ತೇವೆ. ಒಟ್ಟು 90 ನಿಮಿಷ ಬೇಕು: ಕುರುಹಿಗೆ 25, ಸುಮ್ಮನೆ ಕೂರಲು 5, ಬರೆಯಲು 35, ಎದ್ದು ಓಡಾಡಲು 10, ಓದಿ ಒಂದು ತೀರ್ಮಾನ ಮಾಡಲು 15.

ಯಾವ ದಿನ, ಯಾವ ಹೊತ್ತು

30 ಅಥವಾ 31ರ ರಾತ್ರಿ ಬೇಡ. ಬಾಡಿಗೆ, ಇಎಂಐ, ಹಾಲಿನ ಬಿಲ್ಲು, ಶಾಲೆಯ ಫೀಸು ಎಲ್ಲ ತಲೆಯಲ್ಲಿ ತಿರುಗುತ್ತಿರುವ ಹೊತ್ತು ಅದು. ಲೆಕ್ಕಪತ್ರ ವಿಭಾಗದಲ್ಲೋ ಮಾರಾಟದಲ್ಲೋ ಇರುವವರಿಗಂತೂ ಕಚೇರಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಅಂಥ ದಿನ ಬರೆದರೆ ಇಡೀ ತಿಂಗಳಿಗೆ ದುಡ್ಡಿನ ಚಿಂತೆಯ ಬಣ್ಣ ಹತ್ತುತ್ತದೆ. ತಿಂಗಳ ಕೊನೆಯ ಭಾನುವಾರ ಅಥವಾ ಮುಂದಿನ ತಿಂಗಳ ಮೊದಲ ಭಾನುವಾರ, ಎರಡರಲ್ಲಿ ಒಂದನ್ನು ಗೊತ್ತುಮಾಡಿಕೊಂಡು ವರ್ಷಪೂರ್ತಿ ಅದನ್ನೇ ಹಿಡಿಯಿರಿ.

ಮನೆಯಲ್ಲಿ ಪಂಚಾಂಗ ನೋಡುವ ರೂಢಿ ಇದ್ದರೆ ಅಮಾವಾಸ್ಯೆಯ ದಿನವೂ ಚೆನ್ನ. ಕರ್ನಾಟಕದಲ್ಲಿ ನಡೆಯುವುದು ಅಮಾಂತ ಪದ್ಧತಿ, ಅಮಾವಾಸ್ಯೆಗೆ ತಿಂಗಳು ಮುಗಿದು ಪಾಡ್ಯಕ್ಕೆ ಹೊಸದು ಶುರು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಚಾಂದ್ರಮಾಸಕ್ಕೆ ಸುಮಾರು 29 ದಿನ 12 ಗಂಟೆ, ಹಾಗಾಗಿ ಬರೆಯುವ ದಿನ ಸಂಬಳದ ತಾರೀಕಿಗೆ ಅಂಟಿಕೊಳ್ಳದೆ ನಿಧಾನಕ್ಕೆ ಹಿಂದೆ ಸರಿಯುತ್ತಾ ಹೋಗುತ್ತದೆ. ಕೈಯಲ್ಲಿ ಕಾಸಿರುವ ದಿನದ ಮನಸ್ಸೂ ಇಲ್ಲದ ದಿನದ ಮನಸ್ಸೂ ವರ್ಷದಲ್ಲಿ ಎರಡೂ ಪುಸ್ತಕಕ್ಕೆ ಬರುತ್ತವೆ. ಕುರುಹು ಹುಡುಕುವಾಗ ಹಿಂದಿನ ಅಮಾವಾಸ್ಯೆಯ ಮರುದಿನದಿಂದ ಎಣಿಸಿದರಾಯಿತು.

ಹೊತ್ತು ಬೆಳಗಿನದು, ತಿಂಡಿ ಆದಮೇಲೆ. ರಾತ್ರಿ ಬೇಡವೆನ್ನಲು ದಣಿವು ಒಂದು ಕಾರಣ, ನಿದ್ದೆ ಇನ್ನೊಂದು. 2018ರಲ್ಲಿ ಪ್ರಕಟವಾದ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 57 ಯುವಜನರು ಮಲಗುವ ಮುಂಚೆ ಐದು ನಿಮಿಷ ಬರೆದರು. ಅರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದರು, ಇನ್ನರ್ಧ ಜನ ಮಾಡಿ ಮುಗಿಸಿದ ಕೆಲಸಗಳದ್ದು. ಮುಂದಿನದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ರಾತ್ರಿ ಏನಾದರೂ ಬರೆಯಲೇಬೇಕು ಅನಿಸಿದರೆ ನಾಳೆಯ ಕೆಲಸ ಬರೆದು ಮಲಗಿ. ಕಳೆದ ತಿಂಗಳನ್ನು ಬೆಳಕಿನಲ್ಲಿ ನೋಡೋಣ.

ಪುಸ್ತಕ, ಪೆನ್ನು

ತಾರೀಕು ಅಚ್ಚಾಗಿರುವ ಡೈರಿ ಈ ಕೆಲಸಕ್ಕೆ ಒಗ್ಗುವುದಿಲ್ಲ. ಖಾಲಿ ಪುಟಗಳು ಕಂಡಾಗಲೆಲ್ಲ ಏನೋ ತಪ್ಪು ಮಾಡಿದಂತೆ ಮನಸ್ಸು ಕುಗ್ಗುತ್ತದೆ. ಬರೆಯುವ ದಿನವೋ ಒಂದು ಪುಟ ಸಾಲದು. 100 ಪುಟದ ಗೆರೆ ಹಾಕಿದ ಲಾಂಗ್ ನೋಟ್‌ಬುಕ್ ಒಂದು ವರ್ಷಕ್ಕೆ ಸಾಕು. ತಿಂಗಳಿಗೆ ಆರು ಪುಟದಂತೆ 72, ಮೊದಲ ಎರಡು ಪುಟ ಪರಿವಿಡಿಗೆ, ಮೂರು ತಿಂಗಳಿಗೊಮ್ಮೆ ಹಿಂತಿರುಗಿ ನೋಡಿ ಬರೆಯಲು ಒಂದು ಪುಟದಂತೆ ನಾಲ್ಕು. ಉಳಿದ 22 ಪುಟ ಮಾತು ಉದ್ದವಾಗುವ ತಿಂಗಳುಗಳಿಗೆ.

ಹಾಳೆ ತೆಳುವಾಗಿದ್ದರೆ ಶಾಯಿ ಪೆನ್ನು ಬೇಡ, ಹಿಂಬದಿಗೆ ಇಳಿಯುತ್ತದೆ. ಮಾಮೂಲಿ ನೋಟ್‌ಬುಕ್‌ಗೆ ಬಾಲ್ ಪೆನ್ನೇ ಸರಿ. ಶಾಯಿಯಲ್ಲೇ ಬರೆಯುವ ಆಸೆ ಇದ್ದವರು 80 ಜಿಎಸ್‌ಎಂ ಅಥವಾ ಅದಕ್ಕಿಂತ ದಪ್ಪ ಹಾಳೆಯದ್ದನ್ನು ಕೇಳಿ ತೆಗೆದುಕೊಳ್ಳಬೇಕು. ಹೊಲಿಗೆ ಹಾಕಿದ ಪುಸ್ತಕವೇ ಇರಲಿ, ಅಗಲವಾಗಿ ತೆರೆದುಕೊಳ್ಳುತ್ತದೆ. ಆದರೆ ಹೊಲಿಗೆಯ ಪುಸ್ತಕದಲ್ಲಿ ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಹರಿದುಹಾಕಬೇಕೆನಿಸುವ ಮಾತುಗಳನ್ನು ಮೊದಲೇ ಬಿಡಿ ಹಾಳೆಯಲ್ಲಿ ಬರೆಯಿರಿ.

ಆರು ಪುಟಗಳಲ್ಲಿ ಮೊದಲೆರಡು ಎದುರುಬದುರು ಇರಬೇಕು. ಎಡಪುಟದಲ್ಲಿ 1ರಿಂದ 16, ಬಲಪುಟದಲ್ಲಿ 17ರಿಂದ 31, ಸಾಲಿಗೊಂದು ತಾರೀಕು. ಮುಂದಿನ ಮೂರು ಪುಟ ಬರವಣಿಗೆಗೆ. ಆರನೆಯದು ತೀರ್ಮಾನಕ್ಕೆ, ಅದರ ಕೆಳಗಿನ ಅರ್ಧ ಖಾಲಿ ಇರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬಣ್ಣದ ಪೆನ್ನು, ಸ್ಟಿಕ್ಕರ್, ಅಲಂಕಾರದ ಅಕ್ಷರ ಇಷ್ಟವಿದ್ದರೆ ಮುಗಿದ ಮೇಲೆ ಮಾಡಬಹುದು. ಮೊದಲೇ ಮಾಡಿದರೆ ಚೆಂದದ ಪುಟದಲ್ಲಿ ಕಹಿ ಮಾತು ಬರೆಯಲು ಕೈ ಬರುವುದಿಲ್ಲ.

ಕುರುಹು ಕೂಡಿಸುವುದು

ಇದು ಈ ಕ್ರಮದ ಬೆನ್ನೆಲುಬು, ಇಲ್ಲಿ ಅವಸರ ಬೇಡ. ಆದರೆ 25 ನಿಮಿಷದ ಅಲಾರಂ ಇಟ್ಟುಕೊಂಡೇ ಕೂರಿ.

ಮೊದಲು ಗೋಡೆಯ ಕ್ಯಾಲೆಂಡರ್. ನಮ್ಮ ಮನೆಗಳಲ್ಲಿ ಅದು ಅರ್ಧ ಡೈರಿಯೇ: ಹಾಲು ಬಾರದ ದಿನದ ಗುರುತು, ಸಿಲಿಂಡರ್ ಹಾಕಿದ ತಾರೀಕು, ಊರಿಗೆ ಹೋಗುವ ದಿನದ ಸುತ್ತ ಎಳೆದ ಸುತ್ತು, ಯಾರದೋ ಗೃಹಪ್ರವೇಶ. ಆಮೇಲೆ ಫೋನಿನ ಗ್ಯಾಲರಿಯನ್ನು ತಾರೀಕಿನ ಪ್ರಕಾರ ನೋಡಿ. ಚಂದದ ಫೋಟೊಗಳಿಗಿಂತ ಸ್ಕ್ರೀನ್‌ಶಾಟ್‌ಗಳೇ ಹೆಚ್ಚು ಹೇಳುತ್ತವೆ. ರಾತ್ರಿ ಒಂದು ಗಂಟೆಗೆ ತೆಗೆದ ಕೆಲಸದ ಜಾಹೀರಾತಿನ ಸ್ಕ್ರೀನ್‌ಶಾಟ್ ಆ ವಾರದ ಮನಸ್ಥಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮೂರನೆಯದು ಫೋನ್‌ಪೇ, ಗೂಗಲ್ ಪೇಯಂಥ ಆ್ಯಪ್‌ಗಳ ಪಾವತಿ ಪಟ್ಟಿ. ಅಲ್ಲಿರುವ ಹೊತ್ತು, ಜಾಗ ನೋಡಿ. ನಾಲ್ಕನೆಯದು ಫೋನ್ ಕರೆಗಳ ಪಟ್ಟಿ: ಯಾರ ಜೊತೆ ಹೆಚ್ಚು ಹೊತ್ತು ಮಾತಾಡಿದಿರಿ, ಯಾರ ಮಿಸ್ಡ್ ಕಾಲ್ ಹಾಗೇ ಉಳಿಯಿತು. ಕೊನೆಗೆ ಪರ್ಸಿನಲ್ಲಿ, ಡ್ರಾಯರಿನಲ್ಲಿ ಉಳಿದ ಚೀಟಿಗಳು: ಬಸ್ ಟಿಕೆಟ್, ಮೆಡಿಕಲ್ ಶಾಪಿನ ಬಿಲ್ಲು, ಲ್ಯಾಬಿನ ರಸೀದಿ.

ಆನ್‌ಲೈನ್ ಪಾವತಿಯೇ ಇಲ್ಲದವರಿಗೂ ಕುರುಹಿಗೆ ಬರವಿಲ್ಲ. ಡೇರಿಗೆ ಹಾಲು ಹಾಕುವವರ ಪುಸ್ತಕದಲ್ಲಿ ಹೊತ್ತುಹೊತ್ತಿನ ಲೀಟರ್ ಲೆಕ್ಕ ಇರುತ್ತದೆ, ಹಾಲು ಕಡಿಮೆಯಾದ ದಿನ ಕೊಟ್ಟಿಗೆಯಲ್ಲೋ ಮನೆಯಲ್ಲೋ ಏನೋ ಆಗಿರುತ್ತದೆ. ಸ್ವಸಹಾಯ ಸಂಘದ ಪುಸ್ತಕ, ದಿನಸಿ ಅಂಗಡಿಯ ಸಾಲದ ಚೀಟಿ, ಮಳೆ ಬಂದ ದಿನದ ನೆನಪು, ಕೂಲಿಯಾಳು ಬಂದ ಲೆಕ್ಕ, ಇವೆಲ್ಲವೂ ತಾರೀಕುಗಳೇ.

ಪ್ರತಿ ತಾರೀಕಿನ ಮುಂದೆ ಐದಾರು ಪದ, ಅಷ್ಟೇ. ಏನು ಅನಿಸಿತು ಎಂಬುದು ಈಗ ಬೇಡ. ಮಾದರಿಗೆ:

3 – ಮೆಡಿಕಲ್ 240 ರೂ., ಅಮ್ಮನ ಬಿಪಿ ಮಾತ್ರೆ
7 – ರಾತ್ರಿ 9.40 ಬೇಕರಿ, ಮನೆ ಊಟ ಇಲ್ಲ
12 – ಚಿಕ್ಕಮ್ಮನ ಜೊತೆ ಫೋನ್, 48 ನಿಮಿಷ
13 –
14 –
16 – ಸಂಜೆ ಕೆರೆ ಏರಿ ಮೇಲೆ ಮಕ್ಕಳ ಫೋಟೊ

ಇದಕ್ಕೆ ಮೂರೇ ಗುರುತು ಸೇರಿಸಿ: ನಿದ್ದೆ ಕೆಟ್ಟ ದಿನಕ್ಕೆ ಚುಕ್ಕಿ, ಮೈ ಸರಿಯಿಲ್ಲದ ದಿನಕ್ಕೆ ಸೊನ್ನೆ, ನಿಜವಾಗಿ ವಿಶ್ರಾಂತಿ ಸಿಕ್ಕ ದಿನಕ್ಕೆ ನಕ್ಷತ್ರ. ಮುಟ್ಟಾಗುವ ಹೆಣ್ಣುಮಕ್ಕಳು ಆ ದಿನಗಳ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ಸಿಟ್ಟು, ಅಳು, ನಿದ್ದೆಗೇಡು ಅದರ ಹಿಂದಿನ ನಾಲ್ಕೈದು ದಿನಗಳಲ್ಲೇ ಗುಂಪಾಗಿ ಬರುತ್ತಿದ್ದರೆ ಮೂರ್ನಾಲ್ಕು ತಿಂಗಳ ಪುಟಗಳನ್ನು ಒಟ್ಟಿಗಿಟ್ಟಾಗ ಕಣ್ಣಿಗೆ ಹೊಡೆಯುತ್ತದೆ. ವೈದ್ಯರ ಬಳಿ ಹೋದಾಗಲೂ ಆ ಪುಟಗಳು ಉಪಯೋಗಕ್ಕೆ ಬರುತ್ತವೆ.

ಈ ಹಂತ ಎರಡು ಕಡೆ ಹಳ್ಳ ಹಿಡಿಯುತ್ತದೆ. ಗ್ಯಾಲರಿಯಲ್ಲಿ ಹಳೆಯ ಫೋಟೊ ನೋಡುತ್ತಾ ಮುಳುಗಿಹೋಗುವುದು ಒಂದು. ಅಲಾರಂ ಇರುವುದು ಅದಕ್ಕೇ. ಪಾವತಿ ಪಟ್ಟಿ ನೋಡುತ್ತಾ ಖರ್ಚಿನ ಮೊತ್ತ ಕೂಡಲು ಶುರುಮಾಡುವುದು ಇನ್ನೊಂದು. ಕೂಡಬೇಡಿ. ಮನೆಲೆಕ್ಕಕ್ಕೆ ಬೇರೆ ದಿನವಿದೆ, ಇವತ್ತು ಮೊತ್ತ ಕಂಡರೆ ಮಿಕ್ಕ ಅರವತ್ತೈದು ನಿಮಿಷವೂ ಅದರ ಹಿಂದೆಯೇ ಹೋಗುತ್ತದೆ. ಕರೆಗಳ ಪಟ್ಟಿ ಕೆಲವು ಫೋನ್‌ಗಳಲ್ಲಿ ಬೇಗ ಅಳಿಸಿಹೋಗುವುದರಿಂದ 15ನೇ ತಾರೀಕು ಒಂದು ಸಲ ಹತ್ತು ನಿಮಿಷ ಕೂತು ಮೊದಲರ್ಧ ತುಂಬಿಸಿಟ್ಟರೆ ಒಳ್ಳೆಯದು.

ಕುರುಹೇ ಸಿಗದ ದಿನಗಳನ್ನು ಖಾಲಿ ಬಿಡಿ. ತಲೆ ಕೆರೆದುಕೊಂಡು ತುಂಬಿಸುವುದು ಬೇಡ. ಆ ಖಾಲಿ ಸಾಲುಗಳು ಎಷ್ಟಿವೆ, ಒತ್ತಾಗಿ ಇವೆಯೋ ಬಿಡಿಬಿಡಿಯಾಗಿವೆಯೋ ಎಂಬುದೇ ಒಂದು ಸುದ್ದಿ. ಎಲ್ಲ ಮುಗಿದ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬೇರೆ ಕೋಣೆಯಲ್ಲಿಡಿ. ಮುಂದಿನ ಹೊತ್ತಿಗೆ ಕೈಗಡಿಯಾರವೋ ಗೋಡೆ ಗಡಿಯಾರವೋ ಸಾಕು.

ಐದು ನಿಮಿಷ ಸುಮ್ಮನೆ

ಪುಸ್ತಕ ಮುಚ್ಚಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಹತ್ತು ಸಲ. ಆಮೇಲೆ ದವಡೆ, ಹೆಗಲು, ಹೊಟ್ಟೆ, ಅಂಗೈ ಕ್ರಮವಾಗಿ ಗಮನಿಸಿ. ಎಲ್ಲಿ ಬಿಗಿಯಾಗಿದೆಯೋ ಅದನ್ನು ಮೂರನೇ ಪುಟದ ತಲೆಯಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ: ‘ದವಡೆ ಕಚ್ಚಿಹಿಡಿದಿದ್ದೇನೆ, ಎಡ ಹೆಗಲು ನೋವು.’ ಬಿಗಿಯನ್ನು ಸರಿಮಾಡಲು ಹೋಗುವುದು ಬೇಡ. ಉಸಿರನ್ನು ಗಮನಿಸಿದರೇ ಗಾಬರಿಯಾಗುವವರೂ ಇದ್ದಾರೆ. ಅವರು ಉಸಿರನ್ನು ಬಿಟ್ಟು ಪಾದ ನೆಲಕ್ಕೆ ತಾಗಿರುವುದನ್ನಷ್ಟೇ ಗಮನಿಸಿದರೆ ಸಾಕು.

ಮೂರು ದಿನ, ಮೂವತ್ತೈದು ನಿಮಿಷ

ಪಟ್ಟಿಯಲ್ಲಿ ಮೂರು ತಾರೀಕು ಆರಿಸಿ: ಅತಿ ಭಾರವಾದದ್ದು, ಅತಿ ಹಗುರವಾದದ್ದು, ಏನೂ ವಿಶೇಷವಿಲ್ಲದ ಒಂದು ದಿನ. ಒಂದೊಂದಕ್ಕೆ ಎಂಟು ನಿಮಿಷ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ತಿಂಗಳ ಬಹುಪಾಲು ಅಂಥ ದಿನಗಳಿಂದಲೇ ಆಗಿರುತ್ತದೆ. ನಿಜವಾದ ದಣಿವೂ ನಿಜವಾದ ನೆಮ್ಮದಿಯೂ ಅಡಗಿ ಕೂತಿರುವುದು ಹೆಚ್ಚಾಗಿ ಅಲ್ಲಿಯೇ.

ಪ್ರತಿ ದಿನಕ್ಕೂ ನಡೆದದ್ದು, ಅನಿಸಿದ್ದು ಎರಡೂ ಬೇಕು. 1986ರಲ್ಲಿ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ಕಹಿ ಘಟನೆಗಳ ಬಗ್ಗೆ ಬರೆಸಿದರು. ಕೆಲವರು ಬರೀ ಘಟನೆ ಬರೆದರು, ಕೆಲವರು ಬರೀ ಭಾವನೆ, ಕೆಲವರು ಎರಡನ್ನೂ. ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಹೋದವರು ಎರಡನ್ನೂ ಸೇರಿಸಿ ಬರೆದವರು. ಆದರೆ ಬರೆದು ಎದ್ದ ಹೊತ್ತಿನಲ್ಲಿ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ಇದು ತಿಳಿದಿರಬೇಕು, ಇಲ್ಲವಾದರೆ ಮೊದಲ ತಿಂಗಳೇ ‘ಇದು ನನಗಾಗದು’ ಎಂದು ಬಿಟ್ಟುಬಿಡುತ್ತೀರಿ. ಬರವಣಿಗೆಯಿಂದ ಪವಾಡವನ್ನೂ ನಿರೀಕ್ಷಿಸಬೇಡಿ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡ ಲಾಭ ನಿಜವಾದದ್ದು, ಆದರೆ ಸಣ್ಣದು.

ಸಾಲು ಹೇಗಿರಬೇಕು? ‘7ನೇ ತಾರೀಕು ತುಂಬಾ ಕೆಟ್ಟ ದಿನ, ಎಲ್ಲ ನನ್ನ ಹಣೆಬರಹ’ ಎಂದರೆ ಆರು ತಿಂಗಳ ಮೇಲೆ ಓದಿದಾಗ ನಿಮಗೇ ಏನೂ ತಿಳಿಯುವುದಿಲ್ಲ. ‘7ನೇ ತಾರೀಕು ಎಂಟು ಗಂಟೆಗೆ ಕೆಲಸ ಮುಗಿದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬೇಕರಿ ಮುಂದೆ ನಿಂತು ಪಫ್ಸ್ ತಿಂದೆ. ಮನೆಯಲ್ಲಿ ಅತ್ತೆಯವರ ಮೌನ ಎದುರಿಸಬೇಕಲ್ಲ ಎಂಬ ಅಳುಕು. ಹೊಟ್ಟೆ ಬಿಗಿಯಾಗಿತ್ತು’ ಎಂದು ಬರೆದರೆ ಅದರಲ್ಲಿ ಹೊತ್ತಿದೆ, ಜಾಗವಿದೆ, ಕಾರಣವಿದೆ, ಮೈಯ ಸುಳಿವೂ ಇದೆ.

‘ಬೇಜಾರಾಯಿತು’ ಎಂದು ಬರೆದು ಮುಂದೆ ಹೋಗಬೇಡಿ. ಎಲ್ಲ ನೋವಿಗೂ ನಾವು ಅದನ್ನೇ ಬಳಸಿಬಿಡುತ್ತೇವೆ. ಅದು ಕಸಿವಿಸಿಯೋ, ಅವಮಾನವೋ, ಅಳುಕೋ, ಹೊಟ್ಟೆಕಿಚ್ಚೋ, ಒಂಟಿತನವೋ, ಬರೀ ಸುಸ್ತೋ? ಒಳ್ಳೆಯ ದಿನಕ್ಕೂ ಹಾಗೆಯೇ: ಹಿಗ್ಗು, ನಿರಾಳ, ಹೆಮ್ಮೆ, ಅಕ್ಕರೆ ಒಂದೇ ಅಲ್ಲ. ಭಾವನೆಗೆ ಹೆಸರಿಡುವಾಗ ಮಿದುಳಿನಲ್ಲಿ ಭಯ, ಬೆದರಿಕೆಗಳಿಗೆ ಮಿಡಿಯುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮೂಲಕ ತೋರಿಸಿತು.

ಭಾಷೆಯ ಬಗ್ಗೆ ಒಂದು ಮಾತು. ನೀವು ಸಿಟ್ಟು ಬಂದಾಗ ಬೈಯುವ, ಅಳು ಬಂದಾಗ ಬಾಯಿಗೆ ಬರುವ ಮಾತಿನಲ್ಲೇ ಬರೆಯಿರಿ. ಅದು ಧಾರವಾಡದ ಮಾತಾಗಿರಲಿ, ಕುಂದಾಪುರದ್ದಾಗಿರಲಿ, ಅರ್ಧ ಇಂಗ್ಲಿಷ್ ಬೆರೆತ ಬೆಂಗಳೂರಿನದಾಗಿರಲಿ. ಹೊರದೇಶದಲ್ಲಿ ಬೆಳೆದು ಕನ್ನಡ ಲಿಪಿ ಅಷ್ಟಾಗಿ ಬಾರದವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದರೂ ನಡೆಯುತ್ತದೆ. ಗ್ರಂಥದ ಭಾಷೆಗೆ ಹೋದ ಕೂಡಲೇ ಮನಸ್ಸು ಸಭೆಯ ಮುಂದೆ ನಿಂತಂತೆ ಸೆಟೆದುಕೊಳ್ಳುತ್ತದೆ. ಕೈನೋವು, ಕಣ್ಣಿನ ತೊಂದರೆ ಇದ್ದವರು ಫೋನಿನ ಕೀಬೋರ್ಡಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಬಹುದು, ಅಥವಾ ದಿನಕ್ಕೆ ಎಂಟು ನಿಮಿಷದಂತೆ ಮಾತಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು.

ಮೂರು ದಿನ ಮುಗಿದಾಗ 24 ನಿಮಿಷ ಆಗಿರುತ್ತದೆ. ಮುಂದಿನ ಆರು ನಿಮಿಷ ಕೃತಜ್ಞತೆಗೆ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೊಮ್ಮೆ ಐದರವರೆಗೆ ಕೃತಜ್ಞತೆಯ ವಿಷಯ ಬರೆದವರು, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಇಲ್ಲಿ ಮೂರು ಸಾಕು, ಆದರೆ ಮೂರರಲ್ಲೂ ಒಬ್ಬ ಮನುಷ್ಯ, ಒಂದು ಕೆಲಸ, ಒಂದು ತಾರೀಕು ಇರಬೇಕು. ‘ದೇವರು ಎಲ್ಲ ಕೊಟ್ಟಿದ್ದಾನೆ’ ಎಂಬುದು ನಿಜವೇ ಇರಬಹುದು, ಆದರೆ ಪ್ರತಿ ತಿಂಗಳೂ ಅದೇ ಸಾಲು ಬರೆದರೆ ಕೈ ಮಾತ್ರ ಬರೆಯುತ್ತದೆ. ‘21ಕ್ಕೆ ಮಳೆ ಬಂದಾಗ ಪಕ್ಕದ ಮನೆ ಆಂಟಿ ಒಣಹಾಕಿದ ಬಟ್ಟೆ ತೆಗೆದು ಒಳಗಿಟ್ಟರು’ ಎಂಬುದರಲ್ಲಿ ಜೀವವಿದೆ. ತಿಂಗಳು ನಿಜಕ್ಕೂ ಕೆಟ್ಟದಾಗಿದ್ದರೆ, ಸಾವು, ಕಾಯಿಲೆ, ಕೆಲಸ ಹೋದದ್ದು ಇದ್ದರೆ, ಈ ಭಾಗವನ್ನು ಬಿಟ್ಟುಬಿಡಿ. ಬಲವಂತದ ಕೃತಜ್ಞತೆ ದುಃಖವನ್ನು ಒಳಗೇ ಅದುಮುತ್ತದೆ.

ಉಳಿದ ಐದು ನಿಮಿಷ ಬಾಯಿಬಿಟ್ಟು ಹೇಳದ ಒಂದು ಮಾತಿಗೆ. ಯಾರಿಗೆ ಹೇಳಬೇಕಿತ್ತೋ ಅವರನ್ನೇ ಸಂಬೋಧಿಸಿ ಬಿಡಿ ಹಾಳೆಯಲ್ಲಿ ಬರೆಯಿರಿ: ‘ಅಣ್ಣಾ, ಅವತ್ತು ಎಲ್ಲರ ಮುಂದೆ ನೀನು ಹಾಗೆ ಹೇಳಬಾರದಿತ್ತು.’ ಅದನ್ನು ಕಳಿಸುವ ಉದ್ದೇಶವಿಲ್ಲ. ಕಳಿಸಲೇಬೇಕೆನಿಸಿದರೆ ಕನಿಷ್ಠ ಮೂರು ದಿನ ತಡೆದು ಮತ್ತೆ ಓದಿ ನೋಡಿ.

ಎದ್ದು ಓಡಾಡಿ, ಆಮೇಲೆ ಓದಿ

ಹತ್ತು ನಿಮಿಷ ಪುಸ್ತಕದಿಂದ ದೂರ. ಮುಖ ತೊಳೆಯಿರಿ, ಕಾಫಿ ಮಾಡಿ, ಗಿಡಕ್ಕೆ ನೀರು ಹಾಕಿ. ಫೋನು ಬೇಡ.

ಮರಳಿ ಬಂದು ಪೆನ್ಸಿಲ್ ಹಿಡಿದು ಓದಿ. ಎರಡಕ್ಕಿಂತ ಹೆಚ್ಚು ಸಲ ಬಂದ ಪದಕ್ಕೆ ಅಡಿಗೆರೆ, ಎರಡಕ್ಕಿಂತ ಹೆಚ್ಚು ಸಲ ಬಂದ ಮನುಷ್ಯರಿಗೆ ಸುತ್ತು. ಬಳಿಕ ಮೊದಲೆರಡು ಪುಟಗಳ ಚುಕ್ಕಿ, ನಕ್ಷತ್ರಗಳ ಜೊತೆ ಹೋಲಿಸಿ. ಚುಕ್ಕಿಗಳು ಯಾವ ವಾರದಲ್ಲಿ ಗುಂಪಾಗಿವೆ? ನಕ್ಷತ್ರ ಬಿದ್ದ ದಿನಗಳಲ್ಲಿ ಯಾರು ಜೊತೆಗಿದ್ದರು? ಬರೆದದ್ದಕ್ಕೂ ಪಟ್ಟಿಗೂ ಹೊಂದಿಕೆಯಾಗದ ಜಾಗ ಸಿಕ್ಕರೆ ಅಲ್ಲಿ ನಿಲ್ಲಿ. ‘ಇಡೀ ತಿಂಗಳು ಬಿಡುವೇ ಇರಲಿಲ್ಲ’ ಎಂದು ಬರೆದಿದ್ದೀರಿ, ಪಟ್ಟಿಯಲ್ಲಿ ಐದು ನಕ್ಷತ್ರವಿದೆ ಎಂದುಕೊಳ್ಳಿ. ಬಿಡುವು ಇತ್ತು, ಆದರೆ ಅದು ಮೈಗೆ ಹತ್ತಲಿಲ್ಲ. ಏಕೆಂದು ತಿಳಿಯಲು ಆ ಐದು ಸಾಲುಗಳನ್ನು ಮತ್ತೊಮ್ಮೆ ನೋಡಿ. ಇಂಥ ತಾಳೆ ನೋಡಲು ಸಾಧ್ಯವಾಗಲೆಂದೇ ಕುರುಹು ಕೂಡಿಸಿದ್ದು.

ಕೊನೆಗೆ ಆರನೇ ಪುಟದಲ್ಲಿ ಒಂದೇ ಒಂದು ತೀರ್ಮಾನ. ‘ಇನ್ನು ಚೆನ್ನಾಗಿ ನಿದ್ದೆ ಮಾಡುತ್ತೇನೆ’ ಎಂಬುದು ಆಸೆಯಷ್ಟೇ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂದು ಗೊತ್ತುಮಾಡಿದ ಸಂಕಲ್ಪ ಹೆಚ್ಚು ನಡೆಯುತ್ತದೆ ಎಂಬುದನ್ನು ಪೀಟರ್ ಗೋಲ್‌ವಿಟ್ಜರ್ 1999ರ ತಮ್ಮ ಲೇಖನದಲ್ಲಿ ಹಲವು ಪ್ರಯೋಗಗಳನ್ನು ಮುಂದಿಟ್ಟು ತೋರಿಸಿದ್ದಾರೆ. ‘ರಾತ್ರಿ ಅಡುಗೆಮನೆ ದೀಪ ಆರಿಸಿದ ಕೂಡಲೇ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕುತ್ತೇನೆ’ ಎಂದು ಬರೆಯಿರಿ. ಮೂರು ತೀರ್ಮಾನ ಬರೆದವರು ಹೆಚ್ಚಾಗಿ ಮೂರನ್ನೂ ಬಿಡುತ್ತಾರೆ. ಬೇಕಿದ್ದರೆ ಮಾಡುವುದೊಂದರ ಜೊತೆಗೆ ನಿಲ್ಲಿಸುವುದೊಂದನ್ನು ಸೇರಿಸಿ: ಅಪಾರ್ಟ್‌ಮೆಂಟ್ ಗ್ರೂಪಿನ ವಾದಕ್ಕೆ ಉತ್ತರಿಸುವುದು, ಭಾನುವಾರ ಕಚೇರಿ ಮೇಲ್ ನೋಡುವುದು.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ಅಪಾಯ ಕೊರಗಿನ ಸುಳಿ. ಮನೋವಿಜ್ಞಾನಿ ಸೂಸನ್ ನೋಲೆನ್-ಹೊಕ್ಸೆಮಾ ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದು ಇದನ್ನೇ: ನೋವನ್ನೂ ಅದರ ಕಾರಣವನ್ನೂ ಮತ್ತೆ ಮತ್ತೆ ಮೆಲುಕು ಹಾಕುತ್ತಾ ಕೂರುವುದು ಖಿನ್ನತೆಯನ್ನು ಉದ್ದ ಮಾಡುತ್ತದೆ. ಡೈರಿಯಲ್ಲಿ ಇದು ಸುಲಭವಾಗಿ ಗೊತ್ತಾಗುತ್ತದೆ. ಒಂದೇ ವಾಕ್ಯ ಬೇರೆ ಬೇರೆ ವೇಷದಲ್ಲಿ ಮೂರು ಸಲ ಬಂದಿರುತ್ತದೆ, ‘ನನಗೇ ಯಾಕೆ’, ‘ಯಾವಾಗಲೂ’, ‘ಎಲ್ಲರೂ’ ಎಂಬ ಮಾತು ಹೆಚ್ಚುತ್ತವೆ, ತಾರೀಕುಗಳು ಮಾಯವಾಗುತ್ತವೆ. ಆಗ ಪೆನ್ನು ಎತ್ತಿ, ‘ಯಾಕೆ’ ಎಂಬುದನ್ನು ‘ಏನು’ ಎಂದು ಬದಲಿಸಿ: ಆವತ್ತು ಏನು ನಡೆಯಿತು, ಈಗ ನನ್ನ ಕೈಯಲ್ಲಿ ಏನಿದೆ. ಅದೂ ಸಾಲದಿದ್ದರೆ ನಿಮ್ಮನ್ನು ನೀವೇ ಹೆಸರು ಹಿಡಿದು ಕರೆದು ಬರೆಯಿರಿ, ಮನೆಯ ಹಿರಿಯರು ಕರೆಯುವಂತೆ: ‘ಸುಮಾ, ಅವತ್ತು ನಿನಗೆ ಊಟವೂ ಆಗಿರಲಿಲ್ಲ, ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವೇನು?’ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡದ 2014ರ ಅಧ್ಯಯನಗಳಲ್ಲಿ, ‘ನಾನು’ ಎನ್ನುವ ಬದಲು ಸ್ವಂತ ಹೆಸರಿನಿಂದ ತಮ್ಮೊಡನೆ ಮಾತಾಡಿಕೊಂಡವರು ಒತ್ತಡದ ಸಂದರ್ಭವನ್ನು ಹೆಚ್ಚು ಸಮಾಧಾನದಿಂದ ನಿಭಾಯಿಸಿದರು.

ಎರಡನೆಯದು ಡೈರಿ ತಪ್ಪುಗಳ ಪಟ್ಟಿಯಾಗುವುದು. ವಾಕಿಂಗ್ ಬಿಟ್ಟೆ, ಮಕ್ಕಳ ಮೇಲೆ ರೇಗಿದೆ, ಪುಸ್ತಕ ಓದಲಿಲ್ಲ, ತೂಕ ಇಳಿಯಲಿಲ್ಲ. ಮೂರು ತಪ್ಪು ಸಾಲಾಗಿ ಬಂದರೆ ನಾಲ್ಕನೆಯದನ್ನು ಬರೆಯುವ ಮೊದಲು ಆ ಮೂರಕ್ಕೂ ಪಟ್ಟಿಯಲ್ಲಿ ಕಾರಣ ಹುಡುಕಿ. ವಾಕಿಂಗ್ ಬಿಟ್ಟ ಹತ್ತು ದಿನದಲ್ಲಿ ಆರು ದಿನ ಅಪ್ಪ ಆಸ್ಪತ್ರೆಯಲ್ಲಿದ್ದರೆ ಅದನ್ನು ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಜಗಳವಾಡಿದ ದಿನವೇ ಬರೆಯಲು ಕೂರಬೇಡಿ, ಎರಡು ದಿನ ಮುಂದೂಡಿ. ಪ್ರಶ್ನೆಗಳನ್ನು ಹೆಚ್ಚಿಸಿಕೊಂಡು ಹೋಗಬೇಡಿ. ಇಂಟರ್‌ನೆಟ್ಟಿನಲ್ಲಿ ನೂರು ಪ್ರಶ್ನೆಗಳ ಪಟ್ಟಿ ಸಿಗುತ್ತದೆ, ಹತ್ತಕ್ಕೆ ಉತ್ತರಿಸುವಷ್ಟರಲ್ಲಿ ಪರೀಕ್ಷೆ ಬರೆದ ಸುಸ್ತಾಗಿರುತ್ತದೆ.

ಬರೆದ ಮೇಲೆ ಅಳು ಬಂದರೆ ಬರಲಿ. ಒಂದೆರಡು ಗಂಟೆಯಲ್ಲಿ ತಿಳಿಯಾಗುವುದು ಸಾಮಾನ್ಯ. ತೀರಾ ಕಹಿಯಾದ ಹಳೆಯ ಘಟನೆ, ದೌರ್ಜನ್ಯದಂಥದ್ದು, ಬರೆಯುವಾಗ ಮೇಲೆದ್ದು ಬಂದು ಮೈ ನಡುಗತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಎದ್ದು ಹೊರಗೆ ಬನ್ನಿ. ಅದನ್ನು ಒಬ್ಬರೇ ಕೂತು ಬರೆಯುವ ಅಗತ್ಯವಿಲ್ಲ, ಆಪ್ತ ಸಮಾಲೋಚಕರ ಜೊತೆ ಮಾಡುವ ಕೆಲಸ ಅದು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ಡೈರಿಯನ್ನು ನಂಬಿ ಕೂರಬೇಡಿ, ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಆ ಕೂಡಲೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬೇರೆಯವರ ಕೈಗೆ ಸಿಗದಂತೆ

ಯಾರಾದರೂ ಓದಿಯಾರು ಎಂಬ ಅಳುಕಿದ್ದರೆ ಪೆನ್ನು ಸುಳ್ಳು ಹೇಳತೊಡಗುತ್ತದೆ, ಅತ್ತೆಯವರ ವಿಷಯ ಬಂದಾಗ ‘ಅವರು ಒಳ್ಳೆಯವರೇ’ ಎಂಬ ಸಾಲು ತಾನೇ ಬಂದು ಕೂರುತ್ತದೆ. ತುಂಬಿದ ಮನೆಯಲ್ಲಿ ಬೀಗದ ಡ್ರಾಯರ್ ಇಲ್ಲದವರಿಗೆ ಕೆಲವು ದಾರಿಗಳಿವೆ. ಪುಸ್ತಕವನ್ನು ಕಚೇರಿಯ ಮೇಜಿನಲ್ಲಿಡಬಹುದು. ಹೆಸರುಗಳ ಬದಲು ನಿಮಗಷ್ಟೇ ತಿಳಿಯುವ ಅಕ್ಷರ ಬಳಸಬಹುದು. ಅತಿ ಖಾಸಗಿ ಮಾತನ್ನು ಬಿಡಿ ಹಾಳೆಯಲ್ಲಿ ಬರೆದು, ಓದಿ, ಹರಿದು, ಪುಸ್ತಕದಲ್ಲಿ ‘9ನೇ ತಾರೀಕಿನದ್ದು ಬರೆದು ಹರಿದೆ’ ಎಂದಷ್ಟೇ ಗುರುತು ಹಾಕಬಹುದು. ಬರೆದ ಹಾಳೆ ಉಳಿಯಲೇಬೇಕೆಂದಿಲ್ಲ. ಫೋನಿನಲ್ಲಿ ಬರೆಯುವವರು ಆ ಆ್ಯಪಿಗೇ ಪ್ರತ್ಯೇಕ ಲಾಕ್ ಹಾಕಿ. ಮನೆಯವರೆಲ್ಲ ಒಂದೇ ಗೂಗಲ್ ಖಾತೆ ಬಳಸುತ್ತಿದ್ದರೆ ಬರೆದದ್ದು ಇನ್ನೊಂದು ಫೋನಿನಲ್ಲೂ ತೆರೆದುಕೊಳ್ಳಬಹುದು, ಅದನ್ನು ಮೊದಲೇ ನೋಡಿಕೊಳ್ಳಿ.

ಮೂರು ತಿಂಗಳಿಗೊಮ್ಮೆ, ಮತ್ತು ಬಿಟ್ಟುಹೋದ ತಿಂಗಳು

ಮೂರನೇ ತಿಂಗಳ ಬರವಣಿಗೆ ಮುಗಿದ ವಾರದಲ್ಲಿ ಬೇರೆ ಒಂದು ದಿನ ಇಪ್ಪತ್ತು ನಿಮಿಷ ತೆಗೆದಿಡಿ. ಅಡಿಗೆರೆ, ಸುತ್ತು, ಚುಕ್ಕಿಗಳನ್ನಷ್ಟೇ ನೋಡಿ, ಪೂರ್ತಿ ಓದುವುದು ಬೇಡ. ಮೂರೂ ತಿಂಗಳಲ್ಲಿ ಬಂದ ಪದ ಯಾವುದು, ಮೂರೂ ತಿಂಗಳಲ್ಲಿ ಇಲ್ಲದ ಮನುಷ್ಯರು ಯಾರು ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರತಿ ತಿಂಗಳ ಆರನೇ ಪುಟದ ಖಾಲಿ ಅರ್ಧದಲ್ಲಿ ಆ ತೀರ್ಮಾನ ಏನಾಯಿತು ಎಂಬುದನ್ನು ತುಂಬಿಸಿ: ನಡೆಯಿತು, ಅರ್ಧ ನಡೆಯಿತು, ಬಿಟ್ಟೆ. ಬಿಟ್ಟಿದ್ದರೆ ತೀರ್ಮಾನವನ್ನು ಅರ್ಧಕ್ಕಿಳಿಸಿ. ವಾರಕ್ಕೆ ಐದು ದಿನದ ನಡಿಗೆ ಆಗದಿದ್ದರೆ ಎರಡು ದಿನ, ಅರ್ಧ ಗಂಟೆ ಆಗದಿದ್ದರೆ ಹದಿನೈದು ನಿಮಿಷ.

ಒಂದು ತಿಂಗಳು ಬರೆಯಲಾಗದಿದ್ದರೆ ಮುಂದಿನ ತಿಂಗಳು ಎರಡನ್ನೂ ಸೇರಿಸಿ ಬರೆಯಲು ಹೋಗಬೇಡಿ, ಅದು ಮೂರು ಗಂಟೆಯ ಕೆಲಸವಾಗಿ ಮೂರನೆಯದಕ್ಕೂ ಕೂರಲು ಮನಸ್ಸಾಗುವುದಿಲ್ಲ. ಬಿಟ್ಟ ತಿಂಗಳಿಗೆ ಎರಡೇ ಪುಟ: ತಲೆಯಲ್ಲಿ ತಿಂಗಳ ಹೆಸರು, ಕೆಳಗೆ ಸಿಕ್ಕಷ್ಟು ಕುರುಹು. ಪರಿವಿಡಿಯಲ್ಲಿ ಅದರ ಮುಂದೆ ‘ಕುರುಹು ಮಾತ್ರ’ ಎಂದು ಬರೆದು ಈ ತಿಂಗಳ ಪುಟಕ್ಕೆ ಬನ್ನಿ.